ಸವೆದ ಯಂತ್ರ, ಸರಿಪಡಿಸುವ ಕೈ

(ಮೈಸೂರಿನ ತಾಂತ್ರಿಕ ತರಬೇತಿ ವಿದ್ಯಾರ್ಥಿಗಳಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)

ಬೀಸುವ ಕಲ್ಲು ಸವೆದು ನುಣುಪಾದರೆ ಹಿಂದೆ ಅದನ್ನು ಯಾರೂ ಬೀದಿಗೆ ಎಸೆಯುತ್ತಿರಲಿಲ್ಲ. ಉಳಿ, ಸುತ್ತಿಗೆ ಹಿಡಿದು ಕೂಗುತ್ತ ಬರುವವರನ್ನು ಕರೆದು, ಕಲ್ಲಿನ ಮೈ ಕುಟ್ಟಿಸಿ ಮತ್ತೆ ಒರಟು ಮಾಡಿಸುತ್ತಿದ್ದರು. ಕಲ್ಲಿಗೆ ಮತ್ತಷ್ಟು ವರ್ಷ ಆಯುಷ್ಯ ಬರುತ್ತಿತ್ತು. ಕಾರ್ಖಾನೆಯ ಯಂತ್ರಗಳಿಗೂ ಇಂಥದೊಂದು ಚಿಕಿತ್ಸೆ ಉಂಟು. ಆದರೆ ಅಲ್ಲಿ ಬೇಕಾದದ್ದು ಒರಟುತನವಲ್ಲ, ಸಮತಲ. ಚೂಪಾದ ಸಲಕರಣೆಯಿಂದ ಲೋಹದ ಮೈಯನ್ನು ಕೈಯಲ್ಲೇ ಹೆರೆದು ಸಮ ಮಾಡುವ ಈ ವಿದ್ಯೆಗೆ ಹ್ಯಾಂಡ್ ಸ್ಕ್ರೇಪಿಂಗ್ ಎಂದು ಹೆಸರು.

ಕನ್ನಡ ನಾಡಿಗೆ ಲೇತ್ ಹೊಸದಲ್ಲ. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಸಂಸ್ಥೆ ಹುಟ್ಟಿತು. ಬೆಂಗಳೂರಿನ ಜಾಲಹಳ್ಳಿಯಲ್ಲಿ 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಯೋಗದೊಡನೆ ಎಚ್‌ಎಂಟಿ ಸ್ಥಾಪನೆಯಾಯಿತು. ಇವೆರಡರ ಲೇತ್‌ಗಳು ವರ್ಕ್‌ಶಾಪ್‌ಗಳನ್ನೂ ಪಾಲಿಟೆಕ್ನಿಕ್‌ಗಳನ್ನೂ ಸೇರಿದವು. ಹರಿಹರದ ಕಾರ್ಖಾನೆ ಈ ಶತಮಾನದ ಆರಂಭದಲ್ಲಿ ಬಾಗಿಲು ಮುಚ್ಚಿತು. ಅದು ಮಾಡಿದ ಲೇತ್‌ಗಳು ಮಾತ್ರ ದುಡಿಯುತ್ತಲೇ ಇವೆ. ಮೈಸೂರಿನ ಸಣ್ಣ ವರ್ಕ್‌ಶಾಪ್‌ಗಳಿಗೂ ಅಂಥ ಹಳೆಯ ಲೇತ್ ಅಪರಿಚಿತವಲ್ಲ.

ಲೇತ್‌ಗೆ ಬೆನ್ನೆಲುಬು ಅದರ ಬೆಡ್. ಬೀಡು ಕಬ್ಬಿಣದ ಉದ್ದನೆಯ ಹಾಸು. ಉಳಿಯನ್ನು ಹೊತ್ತ ಸ್ಯಾಡಲ್ ಅದರ ಮೇಲೆ ಹಿಂದಕ್ಕೂ ಮುಂದಕ್ಕೂ ಜಾರುತ್ತದೆ. ಹೆಚ್ಚಿನ ಕೆಲಸ ಚಕ್ಕಿನ ಹತ್ತಿರವೇ ನಡೆಯುವುದರಿಂದ ಸವೆತವೂ ಅಲ್ಲೇ ಹೆಚ್ಚು. ಹಾಗೆ ಸವೆದ ಲೇತ್‌ನಲ್ಲಿ ಉದ್ದನೆಯ ಶಾಫ್ಟ್ ತಿರುಗಿಸಿದರೆ ಅದರ ವ್ಯಾಸ ಎಲ್ಲ ಕಡೆ ಒಂದೇ ಬರುವುದಿಲ್ಲ. ಕೆಲಸಗಾರ ಎಷ್ಟೇ ಜಾಣನಾದರೂ ಯಂತ್ರದ ತಪ್ಪು ಅವನ ಕೆಲಸದಲ್ಲಿ ಮೂಡುತ್ತದೆ.

ಚಿಕಿತ್ಸೆ ಹೇಳಲು ಸರಳ. ನಿಖರವಾಗಿ ಸಮತಟ್ಟಾದ ಸರ್ಫೇಸ್ ಪ್ಲೇಟಿಗೆ ಪ್ರಶ್ಯನ್ ನೀಲಿಯನ್ನು ತೆಳ್ಳಗೆ ಸವರಬೇಕು. ಹಿಂದೆ ಇದಕ್ಕೆ ಸೀಸದ ಸಿಂಧೂರವನ್ನೂ ಬಳಸುತ್ತಿದ್ದರು, ಅದು ವಿಷ. ಪ್ಲೇಟಿನ ಮೇಲೆ ಭಾಗವನ್ನು ಇಟ್ಟು ಮೆಲ್ಲಗೆ ಉಜ್ಜಿದರೆ ಅದರ ಎತ್ತರದ ಜಾಗಗಳಿಗೆ ಮಾತ್ರ ಬಣ್ಣ ಹತ್ತುತ್ತದೆ. ಆ ಗುರುತುಗಳನ್ನು ಸ್ಕ್ರೇಪರಿನಿಂದ ಹೆರೆದು, ಒರೆಸಿ, ಮತ್ತೆ ನೀಲಿ ಹಚ್ಚಿ ನೋಡಬೇಕು. ಒಂದು ಸಲ ಎಳೆದರೆ ಏಳುವುದು ಕೆಲವೇ ಮೈಕ್ರಾನ್ ದಪ್ಪದ ಲೋಹ. ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್. ಪ್ರತಿ ಸುತ್ತಿಗೂ ಹೆರೆಯುವ ದಿಕ್ಕು ಬದಲಾಗಬೇಕು. ಮೊದಲು ಅಲ್ಲೊಂದು ಇಲ್ಲೊಂದು ಕಾಣುವ ನೀಲಿ ಚುಕ್ಕಿಗಳು ಕ್ರಮೇಣ ಹರಡುತ್ತವೆ. ಚದರ ಅಂಗುಲಕ್ಕೆ ಇಪ್ಪತ್ತರಷ್ಟು ಚುಕ್ಕಿಗಳು ಒಂದೇ ಹದದಲ್ಲಿ ಬಂದರೆ ಜಾರುವ ಮೈಗೆ ಅದು ಒಳ್ಳೆಯ ಫಲಿತಾಂಶ. ಚುಕ್ಕಿಗಳ ನಡುವಣ ತಗ್ಗುಗಳಲ್ಲಿ ಎಣ್ಣೆ ನಿಲ್ಲುವುದರಿಂದ ಸ್ಯಾಡಲ್ ತಡವರಿಸದೆ ಸಾಗುತ್ತದೆ.

ಹಾಗಾದರೆ ಅಳೆಯುವ ಆ ಪ್ಲೇಟನ್ನು ಮೊದಲು ಸಮ ಮಾಡಿದ್ದು ಯಾವುದರಿಂದ? ಎರಡು ಪ್ಲೇಟುಗಳನ್ನು ಒಂದಕ್ಕೊಂದು ಹೊಂದಿಸಿದರೆ ಸಾಲದು. ಒಂದು ತಗ್ಗಾಗಿ ಇನ್ನೊಂದು ಉಬ್ಬಿದ್ದರೂ ಅವು ಕೂಡಿಕೊಳ್ಳುತ್ತವೆ. ಮೂರು ಪ್ಲೇಟುಗಳಿದ್ದು, ಯಾವ ಎರಡನ್ನು ಹೇಗೆ ತಿರುಗಿಸಿ ಜೋಡಿಸಿದರೂ ಸರಿಹೋಗುವಂತೆ ಹೆರೆದರೆ ಮೂರೂ ಸಮತಲವಾಗಲೇಬೇಕು. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1840ರಲ್ಲಿ ಗ್ಲಾಸ್ಗೋದ ವಿಜ್ಞಾನ ಸಭೆಯೊಂದರಲ್ಲಿ ನಿಜವಾದ ಸಮತಲಕ್ಕೆ ಉಜ್ಜುವುದಕ್ಕಿಂತ ಹೆರೆಯುವುದೇ ಮೇಲು ಎಂದು ಪ್ರತಿಪಾದಿಸಿದ. ತನಗಿಂತ ಉತ್ತಮವಾದ ಮಾದರಿ ಎದುರಿಗಿಲ್ಲದೆಯೂ ಕೈ ನಿಖರತೆಯನ್ನು ಸೃಷ್ಟಿಸಬಲ್ಲದು ಎಂಬುದು ಇಲ್ಲಿಯ ಸೋಜಿಗ.

ಕಲಿಯುವವರು ಎಡವುವುದು ಹೆರೆಯುವುದರಲ್ಲಿ ಅಷ್ಟಲ್ಲ, ನೀಲಿಯನ್ನು ಓದುವುದರಲ್ಲಿ. ಬಣ್ಣ ದಪ್ಪವಾದರೆ ತಗ್ಗಿನ ಜಾಗಕ್ಕೂ ಹತ್ತಿ, ಕೆಲಸ ಮುಗಿದಂತೆ ಭ್ರಮೆ ಹುಟ್ಟುತ್ತದೆ. ಹೆರೆದಾಗ ಎದ್ದ ಸಣ್ಣ ಮುಳ್ಳುಗಳನ್ನು ಎಣ್ಣೆಕಲ್ಲಿನಿಂದ ತೆಗೆಯದಿದ್ದರೆ ಗುರುತೇ ಸುಳ್ಳು. ಭಾಗವನ್ನು ಒತ್ತಿ ಹಿಡಿದರೆ ಅದು ಬಾಗುತ್ತದೆ. ಶಾಖವೂ ಮೋಸ ಮಾಡುತ್ತದೆ: ಒಂದು ಮೀಟರ್ ಉದ್ದದ ಬೀಡು ಕಬ್ಬಿಣ ಒಂದು ಡಿಗ್ರಿ ಬಿಸಿಯೇರಿದರೆ ಸುಮಾರು 11 ಮೈಕ್ರಾನ್ ಹಿಗ್ಗುತ್ತದೆ. ಬೆಡ್ಡಿನ ಒಂದು ಮೈಗೆ ಮಾತ್ರ ಕಿಟಕಿಯ ಬಿಸಿಲು ಬಿದ್ದರೆ ಅದು ಬಾಗಿ, ಬೆಳಿಗ್ಗೆ ಸರಿಯಿದ್ದದ್ದು ಮಧ್ಯಾಹ್ನ ತಪ್ಪಾಗಿ ಕಾಣುತ್ತದೆ.

ಸಮತಲವಾದರಷ್ಟೇ ಮುಗಿಯಲಿಲ್ಲ. ಬೆಡ್ ನೇರವಾಗಿರಬೇಕು, ಸ್ಪಿಂಡಲ್ ಅದಕ್ಕೆ ಸಮಾಂತರವಾಗಿರಬೇಕು, ಅಡ್ಡ ಜಾರುವ ಭಾಗ ಲಂಬವಾಗಿರಬೇಕು. ಮೊದಲು ಅಳೆದು, ಯಾವ ಮೈಯನ್ನು ಆಧಾರವಾಗಿ ಹಿಡಿಯಬೇಕೆಂದು ತೀರ್ಮಾನಿಸದೆ ಹೆರೆಯಲು ಹೊರಟರೆ ಒಂದನ್ನು ತಿದ್ದಿ ಇನ್ನೊಂದನ್ನು ಕೆಡಿಸಿದಂತಾಗುತ್ತದೆ. ಇಂಥ ಪರೀಕ್ಷೆಗಳನ್ನು ಜರ್ಮನಿಯ ಗಿಯಾರ್ಗ್ ಶ್ಲೆಸಿಂಗರ್ 1927ರಲ್ಲೇ ಕ್ರಮಬದ್ಧಗೊಳಿಸಿ ಪ್ರಕಟಿಸಿದ.

ಗ್ರೈಂಡಿಂಗ್ ಯಂತ್ರ ಈ ಕೆಲಸ ಮಾಡಲಾರದೆ ಎಂಬ ಪ್ರಶ್ನೆ ಸಹಜ. ಮೈಯನ್ನು ಹದಗೊಳಿಸಿ ಗಟ್ಟಿ ಮಾಡಿದ ಬೆಡ್ಡುಗಳನ್ನು ಗ್ರೈಂಡಿಂಗ್‌ಗೇ ಕೊಡಬೇಕು; ಅಲ್ಲಿ ಸ್ಕ್ರೇಪರ್ ನಡೆಯದು. ಆದರೆ ಅದರ ಮೇಲೆ ಕೂರುವ ಸ್ಯಾಡಲನ್ನು ಬೆಡ್ಡಿಗೆ ಹೊಂದಿಸುವಾಗ ಮತ್ತೆ ಕೈಯೇ ಬೇಕು. ಜಪಾನ್, ಸ್ವಿಟ್ಜರ್ಲೆಂಡ್‌ಗಳಲ್ಲಿ ಅತ್ಯಂತ ನಿಖರವಾದ ಸಿಎನ್‌ಸಿ ಯಂತ್ರಗಳ ಜೋಡಣೆಯಲ್ಲೂ ಹೆರೆಯುವವರು ಇಂದಿಗೂ ಇದ್ದಾರೆ.

ನಮ್ಮಲ್ಲಿ ಐಟಿಐನ ಎರಡು ವರ್ಷದ ಫಿಟ್ಟರ್ ತರಬೇತಿಯಲ್ಲಿ ಸ್ಕ್ರೇಪಿಂಗ್ ಪಾಠವುಂಟು. ಆದರೆ ಅಂಗೈಯಗಲದ ತುಂಡನ್ನು ಹೆರೆದು ಅಂಕ ಪಡೆಯುವುದು ಬೇರೆ, ಸವೆದ ಲೇತ್ ಒಂದನ್ನು ಮತ್ತೆ ಕೆಲಸಕ್ಕೆ ನಿಲ್ಲಿಸುವುದು ಬೇರೆ. ಎರಡನೆಯದು ಬಲ್ಲವರ ಪಕ್ಕದಲ್ಲಿ ನಿಂತು ಕಲಿಯುವಂಥದು. ಅದನ್ನು ದೊಡ್ಡ ಕಾರ್ಖಾನೆಗಳಲ್ಲಿ ಕಲಿತವರು ನಿವೃತ್ತರಾಗಿ ಮನೆ ಸೇರುತ್ತಿದ್ದಾರೆ. ಹೊಸ ಸಿಎನ್‌ಸಿ ಕೊಳ್ಳುವ ಶಕ್ತಿಯಿಲ್ಲದ ಸಣ್ಣ ವರ್ಕ್‌ಶಾಪಿನ ಯಜಮಾನನಿಗೆ, ಹೆರೆಯುವವರು ಸಿಗದಿದ್ದರೆ, ಹಳೆಯ ಲೇತನ್ನು ತೂಕಕ್ಕೆ ಗುಜರಿಗೆ ಹಾಕುವುದೊಂದೇ ದಾರಿ. ಆ ಲೇತ್‌ನ ಜೊತೆಗೆ ಇಬ್ಬರು ಮೂವರ ಅನ್ನವೂ ಹೋಗುತ್ತದೆ.

ಇದಕ್ಕೆ ದೊಡ್ಡ ಯೋಜನೆಯೇನೂ ಬೇಡ. ಒಂದೊಂದು ತರಬೇತಿ ಸಂಸ್ಥೆಯೂ ಮೂಲೆಗೆ ಬಿದ್ದ ಒಂದು ಲೇತನ್ನು ಆರಿಸಿ, ಊರಿನಲ್ಲೇ ಇರುವ ಒಬ್ಬ ನಿವೃತ್ತ ಫಿಟ್ಟರನ್ನು ಗೌರವದಿಂದ ಕರೆಸಿ, ನಾಲ್ಕು ವಿದ್ಯಾರ್ಥಿಗಳನ್ನು ಒಂದು ವರ್ಷ ಅವರ ಪಕ್ಕದಲ್ಲಿ ನಿಲ್ಲಿಸಿದರೆ ಸಾಕು. ವರ್ಷದ ಕೊನೆಗೆ ಆ ಲೇತ್‌ನಲ್ಲೇ ಒಂದು ಉದ್ದನೆಯ ಶಾಫ್ಟ್ ತಿರುಗಿಸಿ, ಎರಡೂ ತುದಿಗಳನ್ನು ಮೈಕ್ರೋಮೀಟರಿನಿಂದ ಅಳೆಯಲಿ. ಅವರ ಪರೀಕ್ಷೆಯ ಫಲಿತಾಂಶ ಅಲ್ಲೇ ಸಿಗುತ್ತದೆ.