ವಿದ್ಯಾರ್ಥಿಯ ಮೊದಲ ಲ್ಯಾಪ್‌ಟಾಪ್

(ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ಹತ್ತನೆಯ ತರಗತಿಯನ್ನು ಮುಗಿಸಿದ ಮಕ್ಕಳನ್ನು ಇಂಟರ್‌ಮೀಡಿಯೆಟ್ಟಿಗೋ ಪಾಲಿಟೆಕ್ನಿಕ್ಕಿಗೋ ಕಳುಹಿಸುವ ತಂದೆತಾಯಿಗಳು ಈಗ ಕೇಳುವ ಪ್ರಶ್ನೆಗಳಲ್ಲಿ “ಎಂತಹ ಲ್ಯಾಪ್‌ಟಾಪನ್ನು ಕೊಳ್ಳಬೇಕು?” ಎಂಬುದೂ ಒಂದು. ಪ್ರಶ್ನೆಯು ಸಣ್ಣದೆಂದು ಕೆಲವರಿಗೆ ತೋರಬಹುದು. ಆದರೆ ಹತ್ತಿಯನ್ನು ಮಾರಿ ಬಂದ ಹಣದಲ್ಲಿ ಬಿತ್ತನೆಯ ಸಾಲವನ್ನು ತೀರಿಸಿ, ಉಳಿದುದರಲ್ಲಿ ಈ ಯಂತ್ರವನ್ನು ಕೊಳ್ಳುವ ಸಂಸಾರಕ್ಕೆ ಇದು ಸಣ್ಣ ವಿಷಯವಲ್ಲ. ಆಯ್ಕೆಯು ತಪ್ಪಿದರೆ ಅದನ್ನು ತಿದ್ದಿಕೊಳ್ಳಲು ಮುಂದಿನ ಸುಗ್ಗಿಯವರೆಗೆ ಕಾಯಬೇಕಾಗುತ್ತದೆ.

ಆದವಾನಿಯ ಹತ್ತಿಯ ಮಾರುಕಟ್ಟೆಯನ್ನು ಬಲ್ಲ ನಮಗೆ ಪರೀಕ್ಷಿಸಿ ಕೊಳ್ಳುವ ವಿದ್ಯೆಯನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಮೂಟೆಯ ಹೊರಮೈಯನ್ನು ನೋಡಿ ಯಾರೂ ಹತ್ತಿಗೆ ಬೆಲೆ ಕಟ್ಟುವುದಿಲ್ಲ. ಒಳಗಿನಿಂದ ಹಿಡಿಯಷ್ಟು ತೆಗೆದು, ಎಳೆಯ ಉದ್ದವನ್ನೂ ತೇವವನ್ನೂ ಅರಿತ ಮೇಲೆಯೇ ಬೆಲೆಯ ಮಾತು. ಲ್ಯಾಪ್‌ಟಾಪಿನ ವಿಷಯದಲ್ಲಿಯೂ ಬಣ್ಣ, ಹೊಳಪು, ಜಾಹೀರಾತುಗಳನ್ನು ಬದಿಗಿಟ್ಟು ಒಳಗನ್ನು ನೋಡುವುದೇ ಜಾಣತನ.

ಮೊದಲು ವಿಚಾರಿಸಬೇಕಾದುದು, ಇದು ಯಾವ ಕೆಲಸಕ್ಕೆ ಎಂಬುದನ್ನು. ಪಾಠವನ್ನು ನೋಡುವುದಕ್ಕೆ ಹಾಗೂ ಕೇಳುವುದಕ್ಕೆ ಫೋನು ಸಾಕು. 2022ರ ಡಿಸೆಂಬರಿನಲ್ಲಿ ಆಂಧ್ರಪ್ರದೇಶ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಹಂಚಿದ ಟ್ಯಾಬುಗಳ ಉದ್ದೇಶವೂ ಬಹುಮಟ್ಟಿಗೆ ಅದೇ ಆಗಿದ್ದಿತು. ಆದರೆ ನಾಲ್ಕು ಪುಟಗಳ ಪ್ರಬಂಧವನ್ನು ಬರೆಯುವುದು, ಲೆಕ್ಕದ ಪಟ್ಟಿಯನ್ನು ಸಿದ್ಧಪಡಿಸುವುದು, ಪ್ರೋಗ್ರಾಂ ರಚನೆಯನ್ನು ಅಭ್ಯಾಸ ಮಾಡುವುದು, ಇವಕ್ಕೆ ಕೀಲಿಮಣೆಯುಳ್ಳ ಯಂತ್ರವೇ ಬೇಕು. ನೋಡುವವನು ಗ್ರಾಹಕ, ಬರೆಯುವವನು ವಿದ್ಯಾರ್ಥಿ. ನಮ್ಮ ಮಕ್ಕಳು ಬರೆಯುವವರಾಗಬೇಕೆಂಬುದಕ್ಕಾಗಿ ಈ ವೆಚ್ಚವೇ ಹೊರತು ಅನ್ಯ ಕಾರಣಕ್ಕಲ್ಲ. ಬರೆಯುವ ಕೆಲಸವು ಇನ್ನೂ ಆರಂಭವಾಗದ ಚಿಕ್ಕ ತರಗತಿಯವರಿಗೆ ಕಾಯುವುದರಿಂದ ನಷ್ಟವೇನೂ ಇಲ್ಲ.

ಇನ್ನು ಯಂತ್ರದ ಒಳಗನ್ನು ನೋಡೋಣ. ಅದರ ರ‍್ಯಾಮ್ ಎಂಬುದು ನಾವು ಕುಳಿತು ಬರೆಯುವ ಮೇಜಿನಂತೆ. ಮೇಜು ಕಿರಿದಾದರೆ ಒಂದು ಪುಸ್ತಕವನ್ನು ತೆರೆಯಲು ಮತ್ತೊಂದನ್ನು ಮುಚ್ಚಬೇಕಾಗುತ್ತದೆ. ಸಂಗ್ರಹವೆಂಬುದು ಪುಸ್ತಕಗಳನ್ನಿಡುವ ಪೆಟ್ಟಿಗೆಯಂತೆ. ವಿಂಡೋಸ್ 11 ನಡೆಯಲು 4 ಜಿ.ಬಿ. ರ‍್ಯಾಮ್, 64 ಜಿ.ಬಿ. ಸಂಗ್ರಹ ಸಾಕೆಂದು ಅದರ ತಯಾರಕರು ಹೇಳುತ್ತಾರೆ. ಆದರೆ ಅದು ಕನಿಷ್ಠ ಪ್ರಮಾಣ. ಅಷ್ಟರಲ್ಲಿ ಯಂತ್ರವು ನಡೆದೀತು, ಓಡದು. 8 ಜಿ.ಬಿ. ರ‍್ಯಾಮ್, 256 ಅಥವಾ 512 ಜಿ.ಬಿ. ಸಂಗ್ರಹವಿದ್ದರೆ ವಿದ್ಯಾರ್ಥಿಗೆ ಕೆಲವು ವರ್ಷ ಚಿಂತೆಯಿಲ್ಲ. ಸಂಗ್ರಹವು ತಿರುಗುವ ಹಾರ್ಡ್ ಡಿಸ್ಕ್ ಆಗಿರದೆ ಎಸ್.ಎಸ್.ಡಿ. ಆಗಿರಬೇಕು, ಅದರಲ್ಲಿ ತಿರುಗುವ ಭಾಗಗಳಿಲ್ಲವಾದುದರಿಂದ ಅದು ಬಸ್ಸಿನ ಕುಲುಕಾಟವನ್ನು ಹೆಚ್ಚು ತಾಳುತ್ತದೆ, ಕೆಲಸವೂ ಶೀಘ್ರ. ರ‍್ಯಾಮನ್ನು ಮುಂದೆ ಹೆಚ್ಚಿಸಿಕೊಳ್ಳಲು ಅನುಕೂಲವಿದೆಯೇ ಎಂಬುದನ್ನೂ ಕೇಳಬೇಕು.

ಈಗ ನಮ್ಮ ಭಾಗಕ್ಕೆ ವಿಶೇಷವಾದ ವಿಷಯಕ್ಕೆ ಬರುತ್ತೇವೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಉದಯಿಸಿದಾಗ ಅಂದಿನ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ರಾಜ್ಯಕ್ಕೆ ಸೇರಿದವು. ಗಡಿಯು ಬದಲಾಯಿತು, ಮನೆಮಾತು ಬದಲಾಗಲಿಲ್ಲ. ಕನ್ನಡದಲ್ಲಿ ಓದಿದ ನಮ್ಮ ಮಗುವು ಕಾಲೇಜಿಗೆ ಹೋದೊಡನೆ ತೆಲುಗು, ಇಂಗ್ಲಿಷುಗಳ ನಡುವೆ ನಿಲ್ಲುತ್ತದೆ. ಆಗ ಕೈಗೆ ಬಂದ ಯಂತ್ರದಲ್ಲಿ ಕನ್ನಡವು ಸಿದ್ಧವಾಗಿರದಿದ್ದರೆ, ಕನ್ನಡವು ಆಡುವ ಮಾತಾಗಿ ಉಳಿದು ಬರೆಯುವ ಮಾತಾಗಿ ಅಳಿಯುತ್ತದೆ. ಯಾರೂ ನಿಷೇಧಿಸದೆಯೇ, ಯಾರಿಗೂ ತಿಳಿಯದೆಯೇ ಈ ನಷ್ಟವು ಸಂಭವಿಸುತ್ತದೆ.

ಹಾಗಾಗದಿರಲು ಬೇಕಾದ ಸಾಧನಗಳನ್ನು ಹಿರಿಯರು ಆಗಲೇ ಒದಗಿಸಿದ್ದಾರೆ. ಕೆ. ಪಿ. ರಾಯರು ಕನ್ನಡಕ್ಕೆ ಒಪ್ಪುವ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದರು. 1998ರಲ್ಲಿ ಶೇಷಾದ್ರಿ ವಾಸು ಅವರ ‘ಬರಹ’ವು ಬಂದಿತು, ಕನ್ನಡ ಗಣಕ ಪರಿಷತ್ತು ‘ನುಡಿ’ಯನ್ನು ನೀಡಿತು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಾಗ ಅದರೊಡನೆ ಬಂದ ಕನ್ನಡ ಅಕ್ಷರಮಾದರಿಯ ಹೆಸರು ‘ತುಂಗಾ’. ತುಂಗಭದ್ರೆಯ ನೀರನ್ನು ಕುಡಿಯುವ ನಮಗೆ ಈ ಹೆಸರು ಅಪರಿಚಿತವಲ್ಲ.

ಹಿಂದೆ ಒಂದೊಂದು ತಂತ್ರಾಂಶಕ್ಕೆ ಒಂದೊಂದು ಸಂಕೇತಕ್ರಮವಿದ್ದು, ಒಂದರಲ್ಲಿ ಬರೆದುದು ಇನ್ನೊಂದರಲ್ಲಿ ಅರ್ಥವಿಲ್ಲದ ಗೆರೆಗಳಾಗಿ ಕಾಣುತ್ತಿತ್ತು. ಯೂನಿಕೋಡ್ ಈ ತೊಡಕನ್ನು ನಿವಾರಿಸಿದೆ. ಅದರ ಪಟ್ಟಿಯಲ್ಲಿ ತೆಲುಗಿಗೆ 128 ಸ್ಥಾನಗಳು. ಅವುಗಳ ಮಗ್ಗುಲಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳು. ಭೂಪಟದಲ್ಲಿ ನೆರೆಹೊರೆಯಾದ ಭಾಷೆಗಳು ಅಲ್ಲಿಯೂ ನೆರೆಹೊರೆಯೇ! ಅಲ್ಲದೆ, ಇನ್‌ಸ್ಕ್ರಿಪ್ಟ್ ಎಂಬ ಕೀಲಿಮಣೆಯಲ್ಲಿ ಕನ್ನಡದ ಕಕಾರಕ್ಕೂ ತೆಲುಗಿನ ಕಕಾರಕ್ಕೂ ಕೀಲಿಯು ಒಂದೇ. ಉಳಿದ ಅಕ್ಷರಗಳಿಗೂ ಹಾಗೆಯೇ. ಒಮ್ಮೆ ಕನ್ನಡದಲ್ಲಿ ಪಳಗಿದ ಬೆರಳುಗಳು ತೆಲುಗನ್ನೂ ಬರೆಯಬಲ್ಲವು. ಈ ಕೀಲಿಮಣೆಯು ವಿಂಡೋಸಿನಲ್ಲಿ ಅಡಕವಾಗಿಯೇ ಬರುತ್ತದೆ, ಬೇರೆ ಬೆಲೆಯಿಲ್ಲ. ಗಡಿಯ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಉಡುಗೊರೆ ಯಾವುದು?

ಆದುದರಿಂದ ನಮ್ಮ ಸಲಹೆ ಇಷ್ಟು. ಹಣವನ್ನು ಎಣಿಸಿ ಕೊಡುವ ಮೊದಲು ಅಂಗಡಿಯಲ್ಲಿಯೇ ಕನ್ನಡದ ಕೀಲಿಮಣೆಯನ್ನು ತೆರೆಯಿಸಿ, ಮಗುವಿನ ಕೈಯಿಂದ ‘ಸೂರ್ಯ’, ‘ರಾಷ್ಟ್ರ’, ‘ಸ್ವಾತಂತ್ರ್ಯ’ ಎಂಬ ಮೂರು ಪದಗಳನ್ನು ಬರೆಯಿಸಿರಿ. ಒತ್ತಕ್ಷರಗಳು ಸರಿಯಾಗಿ ಕೂಡಿದುವೇ, ಕೀಲಿಗಳು ಬೆರಳಿಗೆ ಹಿತವಾದುವೇ, ಪರದೆಯ ಅಕ್ಷರವು ಕಣ್ಣಿಗೆ ಸ್ಪಷ್ಟವೇ, ಎಲ್ಲವೂ ಆ ಒಂದೇ ಪರೀಕ್ಷೆಯಲ್ಲಿ ತಿಳಿಯುತ್ತವೆ.

ಹೊಸದಕ್ಕೆ ಹಣ ಸಾಲದವರು ಬಳಸಿದ ಯಂತ್ರವನ್ನು ಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ. ಆದರೆ 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು ಕೊನೆಗೊಂಡಿತು. ಹಳೆಯ ಯಂತ್ರವು ವಿಂಡೋಸ್ 11ಕ್ಕೆ ಅರ್ಹವೇ ಎಂದು ಮೊದಲೇ ವಿಚಾರಿಸಬೇಕು. ಇಂಟೆಲ್ ಸಂಸ್ಕಾರಕವಾದರೆ ಸಾಮಾನ್ಯವಾಗಿ ಎಂಟನೆಯ ತಲೆಮಾರಿನದು ಅಥವಾ ನಂತರದ್ದಾಗಿರಬೇಕು. ಅರ್ಹವಲ್ಲದಿದ್ದರೆ ಉಬುಂಟುವಿನಂತಹ ಉಚಿತ ಲಿನಕ್ಸನ್ನು ಹಾಕಿಸಬಹುದು; ಅದರಲ್ಲಿಯೂ ಕನ್ನಡವುಂಟು. ಬರವಣಿಗೆಗೂ ಲೆಕ್ಕಕ್ಕೂ ಲಿಬ್ರೆ ಆಫೀಸ್ ಉಚಿತವಾಗಿ ದೊರೆಯುವಾಗ ಕದ್ದ ತಂತ್ರಾಂಶದ ಮೊರೆಹೊಗುವ ಅಗತ್ಯವಿಲ್ಲ.

ನಮ್ಮ ಸೀಮೆಯ ಬೇಸಿಗೆಯನ್ನೂ ಧೂಳನ್ನೂ ಮರೆಯಬಾರದು. ಯಂತ್ರವನ್ನು ಹಾಸಿಗೆಯ ಮೇಲಿಟ್ಟರೆ ಗಾಳಿಯ ಕಿಂಡಿಗಳು ಮುಚ್ಚಿ ಅದು ಕಾಯುತ್ತದೆ. ಹಲಗೆಯ ಮೇಲಿಡುವುದು ಲೇಸು. ವಿದ್ಯುತ್ತು ಹೋದಾಗ ಪಾಠವು ನಿಲ್ಲದಂತೆ ಬ್ಯಾಟರಿಯು ಎಷ್ಟು ಹೊತ್ತು ಬರುತ್ತದೆಂದು ಕೇಳಬೇಕು. ರಿಪೇರಿಯು ಆದವಾನಿಯಲ್ಲಿಯೇ ಆಗುವುದೋ, ಕರ್ನೂಲಿಗೆ ಕಳುಹಿಸಬೇಕೋ, ವಾರಂಟಿಯು ಎಷ್ಟು ವರ್ಷ, ಬಿದ್ದು ಒಡೆದರೆ ಅದು ಸಲ್ಲುವುದೋ, ಹೇಳಿದ ಬೆಲೆಯಲ್ಲಿ 18 ಪ್ರತಿಶತ ಜಿ.ಎಸ್.ಟಿ. ಸೇರಿದೆಯೋ ಎಂಬಿವನ್ನು ತಿಳಿದು, ಯಂತ್ರದ ಕ್ರಮಸಂಖ್ಯೆಯುಳ್ಳ ಬಿಲ್ಲನ್ನು ಪಡೆದು ಜೋಪಾನಮಾಡಬೇಕು.

ಕೊನೆಯದಾಗಿ ಒಂದು ಬಿನ್ನಹ. ಮನೆಗೆ ಬಂದ ಯಂತ್ರವು ಅಣ್ಣನದು ಮಾತ್ರವಾಗದಿರಲಿ. ತಂಗಿಗೂ ಅದರಲ್ಲಿ ಸಮನಾದ ಹೊತ್ತು ದೊರೆಯಲಿ. ಕೌತಾಳಂ, ಕೋಸಿಗಿ, ಹೊಳಗುಂದಗಳ ಮನೆಗಳಲ್ಲಿ ಅಜ್ಜಿಯ ಹಾಡನ್ನೂ ಅಜ್ಜನ ಬೇಸಾಯದ ಅನುಭವವನ್ನೂ ಮಕ್ಕಳು ಕನ್ನಡದಲ್ಲಿ ಬರೆದಿಡಲಿ. ಆಗ ನಾವು ಕೊಟ್ಟ ಹಣವು ಯಂತ್ರಕ್ಕೆ ಕೊಟ್ಟುದಾಗದೆ ವಿದ್ಯೆಗೆ ಕೊಟ್ಟುದಾಗುತ್ತದೆ.