ಆಸ್ಪತ್ರೆಯ ಮಂಚದಿಂದ ಮನೆಯ ಹೊಸ್ತಿಲಿಗೆ



ಆಸ್ಪತ್ರೆಯಲ್ಲಿ ಹಾಸಿಗೆ ಸಿಗುವುದು ಕಷ್ಟ ಎಂಬುದನ್ನು ನಾವೆಲ್ಲ ಬಲ್ಲೆವು. ಗುಣವಾದ ಮೇಲೆ ಆ ಹಾಸಿಗೆಯನ್ನು ಬಿಟ್ಟು ಬರುವುದೂ ಎಷ್ಟೋ ಮಂದಿಗೆ ಅಷ್ಟೇ ಕಷ್ಟ. ಈ ಎರಡು ಕಷ್ಟಗಳಿಗೂ ನೇರವಾದ ನಂಟಿದೆ. ಇಂದು ಅದರ ಬಗ್ಗೆ ನಾಲ್ಕು ಮಾತು ಹೇಳಬಯಸುತ್ತೇನೆ.

ಮೊದಲು ಒಂದು ಸಣ್ಣ ಲೆಕ್ಕ. ನೂರು ಹಾಸಿಗೆಗಳ ಒಂದು ಆಸ್ಪತ್ರೆ ಇದೆಯೆನ್ನಿ. ಒಬ್ಬ ರೋಗಿ ಸರಾಸರಿ 5 ದಿನ ಇರುತ್ತಾನೆ ಎಂದಾದರೆ, 30 ದಿನಗಳ ತಿಂಗಳಲ್ಲಿ 600 ಮಂದಿಗೆ ಚಿಕಿತ್ಸೆ ಕೊಡಬಹುದು. ಪ್ರತಿಯೊಬ್ಬರ ಬಿಡುಗಡೆಯೂ ಒಂದೇ ಒಂದು ದಿನ ತಡವಾಯಿತು ಅನ್ನಿ. ಆಗ 500 ಮಂದಿ ಮಾತ್ರ. ಒಂದು ಇಟ್ಟಿಗೆ ಕಳಚಲಿಲ್ಲ, ಒಬ್ಬ ವೈದ್ಯ ಕಡಮೆಯಾಗಲಿಲ್ಲ, ಆದರೂ ನೂರು ಜನರಿಗೆ ಜಾಗ ಇಲ್ಲದಂತಾಯಿತು. ತುರ್ತು ವಿಭಾಗದ ಮುಂದೆ ಸ್ಟ್ರೆಚರ್ ಮೇಲೆ ಕಾಯುವವರು ಇವರೇ. ಒಳಗೆ ಉಳಿದವರಿಗೂ ಲಾಭವಿಲ್ಲ. ಅನಾವಶ್ಯಕವಾಗಿ ಮಲಗಿದ ವೃದ್ಧರ ಕಾಲಿನ ಸ್ನಾಯು ಕೆಲವೇ ದಿನಗಳಲ್ಲಿ ಸೊರಗುತ್ತದೆ. ಆಸ್ಪತ್ರೆಯ ಸೋಂಕು ತಗಲುವ ಭಯವೂ ಇದ್ದೇ ಇದೆ.

ಈ ವಿಳಂಬದಲ್ಲಿ ಎರಡು ಬಗೆ. ಒಂದು ಗಂಟೆಗಳ ವಿಳಂಬ. ವೈಟ್‌ಫೀಲ್ಡ್ ಕಡೆಯ ಖಾಸಗಿ ಆಸ್ಪತ್ರೆಗಳಿಗೆ ಹೋಗುವವರಲ್ಲಿ ವಿಮೆಯುಳ್ಳ ಕಂಪನಿ ನೌಕರರು ಬಹಳ. ಬೆಳಗಿನ ಸುತ್ತಿನಲ್ಲಿ ವೈದ್ಯರು ‘ಇವತ್ತು ಹೋಗಬಹುದು’ ಎನ್ನುತ್ತಾರೆ. ಬಳಿಕ ಡಿಸ್ಚಾರ್ಜ್ ಸಾರಾಂಶ ಬರೆಯಬೇಕು, ಉಳಿದ ಔಷಧಿ ಹಿಂತಿರುಗಿಸಬೇಕು, ಬಿಲ್ಲು ಸಿದ್ಧವಾಗಬೇಕು, ವಿಮಾ ಕಂಪನಿ ಒಪ್ಪಿಗೆ ಕೊಡಬೇಕು. ಅಷ್ಟರಲ್ಲಿ ದೀಪ ಹಚ್ಚುವ ಹೊತ್ತು. ವಿಮಾ ನಿಯಂತ್ರಣ ಪ್ರಾಧಿಕಾರವು 2024ರ ಮೇ ತಿಂಗಳ ಸುತ್ತೋಲೆಯಲ್ಲಿ, ಆಸ್ಪತ್ರೆಯ ಕೋರಿಕೆ ತಲುಪಿದ 3 ಗಂಟೆಗಳೊಳಗೆ ಅಂತಿಮ ಒಪ್ಪಿಗೆ ಕೊಡಬೇಕು, ತಡವಾದದ್ದರಿಂದ ಬಿಲ್ಲು ಹೆಚ್ಚಿದರೆ ಆ ಹೆಚ್ಚುವರಿಯನ್ನು ವಿಮಾ ಕಂಪನಿಯೇ ಭರಿಸಬೇಕು ಎಂದು ವಿಧಿಸಿತು. ಒಳ್ಳೆಯ ನಿಯಮವೇ. ಆದರೆ ಈ ಬಗೆಯ ವಿಳಂಬ ಕಾಗದಪತ್ರದ್ದು. ಮನಸ್ಸು ಮಾಡಿದರೆ ಸರಿಪಡಿಸಬಹುದು.

ನನ್ನನ್ನು ಹೆಚ್ಚು ಕಾಡುವುದು ಎರಡನೆಯ ಬಗೆ. ಕಾಗದವೆಲ್ಲ ಸಿದ್ಧವಾಗಿದೆ, ಆದರೆ ರೋಗಿ ಹೋಗುವುದೆಲ್ಲಿಗೆ?

ಪೀಣ್ಯ ಕೈಗಾರಿಕಾ ಪ್ರದೇಶದ ಒಬ್ಬ ಕಾರ್ಮಿಕನನ್ನು ಕಲ್ಪಿಸಿಕೊಳ್ಳಿ. ರಾಯಚೂರಿನಿಂದಲೋ ಒಡಿಶಾದಿಂದಲೋ ಬಂದವನು. ತೊಡೆಯ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾಗಿದೆ. ಅವನ ಮನೆಯೆಂದರೆ ಎರಡನೆಯ ಮಹಡಿಯ ಒಂದು ಕೋಣೆ, ಅದರಲ್ಲಿ ನಾಲ್ಕು ಜನ ಗೆಳೆಯರು. ಅವರೆಲ್ಲ ಪಾಳಿಯ ಮೇಲೆ ದುಡಿಯುವವರು. ಶೌಚಾಲಯ ಕೆಳಗಡೆ, ಅದೂ ಕುಕ್ಕರುಗಾಲಲ್ಲಿ ಕೂರುವಂಥದು. ವಾರ್ಡಿನಲ್ಲಿ ವೈದ್ಯರು ‘ಆರು ವಾರ ಕಾಲೂರಬೇಡ’ ಎಂದು ಹೇಳಿ ಕಳಿಸಿದರೆ ಆ ಮಾತಿಗೆ ಏನು ಅರ್ಥ? ಒಂದೋ ಅವನು ವಾರ್ಡಿನಲ್ಲೇ ಉಳಿಯುತ್ತಾನೆ, ಇಲ್ಲವೇ ಮನೆಗೆ ಹೋಗಿ ಗಾಯ ಕೀವಾಗಿ ಹಿಂದಿರುಗುತ್ತಾನೆ.

ಇಂಥವನಿಗೆ ಹಣದ ಆಸರೆ ಒಂದಿಷ್ಟು ಉಂಟು. 1948ರ ಕಾಯ್ದೆಯಿಂದ ಹುಟ್ಟಿದ ಇ.ಎಸ್.ಐ. ಯೋಜನೆಯ ಆಸ್ಪತ್ರೆಗಳು ಪೀಣ್ಯದಲ್ಲೂ ರಾಜಾಜಿನಗರದಲ್ಲೂ ಇವೆ. ವಂತಿಗೆಯ ಷರತ್ತು ಪೂರೈಸಿದವರಿಗೆ ಕಾಯಿಲೆಯ ಕಾಲದಲ್ಲಿ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇಕಡ 70ರಷ್ಟು ದೊರೆಯುತ್ತದೆ. ಕೆಲಸದಲ್ಲಿ ಆದ ಗಾಯಕ್ಕಾದರೆ, ತಾತ್ಕಾಲಿಕ ಅಶಕ್ತತೆ ಇರುವಷ್ಟು ಕಾಲ ಶೇಕಡ 90. ಆದ್ದರಿಂದ ಗುತ್ತಿಗೆದಾರ ತನ್ನ ಹೆಸರನ್ನು ನೋಂದಾಯಿಸಿದ್ದಾನೆಯೇ ಎಂಬುದನ್ನು ಕಾರ್ಮಿಕ ಮೊದಲೇ ತಿಳಿದಿರಬೇಕು. ಹಾಸಿಗೆ ಹಿಡಿದ ಮೇಲೆ ವಿಚಾರಿಸುವ ಸಂಗತಿಯಲ್ಲ ಅದು. ಆದರೆ ದುಡ್ಡು ಬಂದರೂ ಗಂಜಿ ಕಾಯಿಸಿ ಕೊಡುವವರು ಯಾರು?

ಮನೋರೋಗಿಗಳ ವಿಚಾರದಲ್ಲಿ ಈ ಪ್ರಶ್ನೆ ಇನ್ನೂ ಹಳೆಯದು, ಇನ್ನೂ ತೀಕ್ಷ್ಣವಾದದ್ದು. ಹಿಂದಿನ ಕಾಲದ ಹುಚ್ಚಾಸ್ಪತ್ರೆಗೆ ಒಳಹೋಗುವ ಬಾಗಿಲಿತ್ತೇ ಹೊರತು ಹೊರಬರುವ ಬಾಗಿಲು ಇದ್ದಂತಿರಲಿಲ್ಲ. ಗುಣವಾದವರನ್ನು ಕರೆದೊಯ್ಯಲು ಮನೆಯವರೇ ಬರುತ್ತಿರಲಿಲ್ಲ. ಅಮೃತಸರದ ಡಾ. ವಿದ್ಯಾಸಾಗರ್ ಅವರು 1950ರ ದಶಕದಲ್ಲಿ ಒಂದು ಸರಳ ಉಪಾಯ ಮಾಡಿದರು. ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ ಮನೆಯವರನ್ನೂ ರೋಗಿಯ ಜೊತೆಗೇ ಇರಿಸಿದರು. ಕಾಯಿಲೆ ಹೇಗೆ ಇಳಿಯುತ್ತದೆಂದು ಕಣ್ಣಾರೆ ಕಂಡವರು ರೋಗಿಯನ್ನು ತಾವೇ ಮನೆಗೆ ಕರೆದೊಯ್ದರು.

ನಮ್ಮ ನಿಮ್ಹಾನ್ಸ್ 1974ರಲ್ಲಿ ಸ್ಥಾಪನೆಯಾಯಿತು. ಆ ದಶಕದಲ್ಲೇ ಅದು ಆನೇಕಲ್ ತಾಲ್ಲೂಕಿನ ಸಕಲವಾರದಲ್ಲಿ ಒಂದು ಗ್ರಾಮೀಣ ಕೇಂದ್ರ ತೆರೆದು, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆಯ ಚಿಕಿತ್ಸೆಯಲ್ಲಿ ತರಬೇತಿ ಕೊಡತೊಡಗಿತು. ಕಿಯೋನಿಕ್ಸ್ ಸಂಸ್ಥೆ ಎಲೆಕ್ಟ್ರಾನಿಕ್ ಸಿಟಿಯನ್ನು ಕಟ್ಟಲು ಹೊರಟದ್ದೂ ಅದೇ ದಶಕದಲ್ಲಿ. ಎಲೆಕ್ಟ್ರಾನಿಕ್ ಸಿಟಿಯ ಕಥೆ ಎಲ್ಲರಿಗೂ ಗೊತ್ತು, ಸಕಲವಾರದ ಕಥೆ ಅಷ್ಟಾಗಿ ಗೊತ್ತಿಲ್ಲ. ಸಕಲವಾರದ ಪಾಠ ಬಳ್ಳಾರಿ ಜಿಲ್ಲೆಗೆ ಹೋಯಿತು; ಬಳ್ಳಾರಿಯ ಅನುಭವದ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಆರಂಭವಾಯಿತು. ಅದರ ಹಿಂದಿನ ವಿಚಾರ ಬಹಳ ಸರಳ: ಮಾತ್ರೆ ಮನೆಯ ಹತ್ತಿರವೇ ಸಿಕ್ಕಿದರೆ ರೋಗಿಯನ್ನು ಆಸ್ಪತ್ರೆಯಲ್ಲಿ ಹಿಡಿದಿಡಬೇಕಾಗಿಲ್ಲ.

ಆದರೂ ಮನೆಯೇ ಇಲ್ಲದವರ ಪ್ರಶ್ನೆ ಉಳಿಯಿತು. ಗುಣಮುಖರಾದವರೂ ಆಸ್ಪತ್ರೆಗಳಲ್ಲೇ ಉಳಿದಿದ್ದಾರೆಂಬ ದೂರು ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, 2017ರಲ್ಲಿ ನ್ಯಾಯಾಲಯ ಅವರ ಪುನರ್ವಸತಿಗೆ ಆದೇಶಿಸಿತು. ಅದೇ ವರ್ಷ ಸಂಸತ್ತು ಒಪ್ಪಿದ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 19ನೆಯ ವಿಧಿಯನ್ನು ನೀವು ಒಮ್ಮೆ ಓದಬೇಕು. ಕುಟುಂಬವಿಲ್ಲ, ಕುಟುಂಬ ಒಪ್ಪುತ್ತಿಲ್ಲ, ಮನೆಯಿಲ್ಲ, ಅಥವಾ ಸಮುದಾಯದಲ್ಲಿ ಸೌಲಭ್ಯವಿಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳಕೂಡದು ಎನ್ನುತ್ತದೆ ಅದು. 98ನೆಯ ವಿಧಿ ಬಿಡುಗಡೆಯ ಯೋಜನೆಯನ್ನೇ ಕುರಿತದ್ದು. ಬೆಂಗಳೂರಿನಲ್ಲಿ 1964ರಲ್ಲಿ ಆರಂಭವಾದ ಮೆಡಿಕೋ ಪಾಸ್ಟರಲ್ ಅಸೋಸಿಯೇಷನ್, 1986ರ ರಿಚ್ಮಂಡ್ ಫೆಲೋಶಿಪ್ ಮುಂತಾದ ಸಂಸ್ಥೆಗಳು ಆಸ್ಪತ್ರೆಗೂ ಮನೆಗೂ ನಡುವಿನ ನೆಲೆಗಳನ್ನು ನಡೆಸಿ ತೋರಿಸಿದ್ದವು.

ಕ್ಯಾನ್ಸರ್ ವಿಚಾರದಲ್ಲೂ ನಗರದ ಪೂರ್ವದಲ್ಲಿ ಒಂದು ಉದಾಹರಣೆ ಇದೆ. 1994ರಲ್ಲಿ ಹುಟ್ಟಿದ ಬೆಂಗಳೂರು ಹಾಸ್ಪೈಸ್ ಟ್ರಸ್ಟ್, ವೈಟ್‌ಫೀಲ್ಡ್ ದಾರಿಯ ಮಾರತಹಳ್ಳಿಯಲ್ಲಿ 1999ರಿಂದ ‘ಕರುಣಾಶ್ರಯ’ವನ್ನು ನಡೆಸಿಕೊಂಡು ಬಂದಿದೆ. ಗುಣವಾಗುವ ಹಂತ ದಾಟಿದವರಿಗೆ ಅಲ್ಲಿ ಉಚಿತ ಆರೈಕೆ. ಮನೆಗೇ ಹೋಗಿ ನೋವು ನಿವಾರಿಸುವ ತಂಡವೂ ಉಂಟು.

ಬ್ರಿಟನ್ನಿನವರು 2003ರಲ್ಲಿ ಒಂದು ಕಾಯ್ದೆಯನ್ನೇ ಮಾಡಿದರು. ರೋಗಿಯ ಮುಂದಿನ ಆರೈಕೆಗೆ ಏರ್ಪಾಡು ಮಾಡಲು ಸ್ಥಳೀಯ ಆಡಳಿತ ತಡಮಾಡಿದರೆ ಅದು ಆಸ್ಪತ್ರೆಗೆ ದಂಡ ತೆರಬೇಕೆಂದು. ನಮ್ಮಲ್ಲಿ ದಂಡ ಹಾಕಲು ಅಂಥ ಇಲಾಖೆಯೇ ಇಲ್ಲವಲ್ಲ! ನಮ್ಮಲ್ಲಿ ಆ ಇಲಾಖೆಯೆಂದರೆ ಅಮ್ಮ, ಹೆಂಡತಿ, ಸೊಸೆ. ನಗರದ ಹೊರವಲಯದಲ್ಲಿ ಆಕೆಯೂ ಬೆಳಿಗ್ಗೆ ಗಾರ್ಮೆಂಟ್ಸ್ ಬಸ್ಸು ಹತ್ತುತ್ತಾಳೆ.

ಬಿಡುಗಡೆಯ ಯೋಚನೆ ದಾಖಲಾದ ದಿನವೇ ಆರಂಭವಾಗಬೇಕು ಎನ್ನುತ್ತಾರೆ ಬಲ್ಲವರು. ಮನೆಯಲ್ಲಿ ಯಾರಿದ್ದಾರೆ, ಎಷ್ಟು ಮೆಟ್ಟಿಲು, ಗಾಯಕ್ಕೆ ಪಟ್ಟಿ ಬದಲಿಸುವವರು ಯಾರು, ಹತ್ತಿರದ ಆರೋಗ್ಯ ಕೇಂದ್ರ ಯಾವುದು, ಆ ಪ್ರದೇಶದ ಆಶಾ ಕಾರ್ಯಕರ್ತೆಗೆ ವಿಷಯ ತಿಳಿದಿದೆಯೇ. ಇಷ್ಟನ್ನು ಕೇಳಲು ಯಂತ್ರ ಬೇಕಾಗಿಲ್ಲ. ವಾರ್ಡಿಗೊಬ್ಬ ಸಮಾಜ ಕಾರ್ಯಕರ್ತ ಸಾಕು. ಸಮಾಜಕಾರ್ಯ ಓದುತ್ತಿರುವ ಕಾಲೇಜು ವಿದ್ಯಾರ್ಥಿಗಳು ಇದನ್ನು ತಮ್ಮ ಕ್ಷೇತ್ರಕಾರ್ಯಕ್ಕೆ ಆರಿಸಿಕೊಳ್ಳಬಹುದು. ಡಿಸ್ಚಾರ್ಜ್ ಚೀಟಿಯ ಸೂಚನೆಗಳು ರೋಗಿಗೆ ಗೊತ್ತಿರುವ ಭಾಷೆಯಲ್ಲಿರಬೇಕು. ಕನ್ನಡದಲ್ಲಂತೂ ಇರಲೇಬೇಕು, ಪೀಣ್ಯದಲ್ಲಾದರೆ ಹಿಂದಿಯಲ್ಲೂ ಒಡಿಯಾದಲ್ಲೂ.

ಮನೆಯಿದ್ದವರಿಗೆ ಇಷ್ಟಾದರೆ ನಡೆದೀತು. ಆ ಎರಡನೆಯ ಮಹಡಿಯ ಕಾರ್ಮಿಕನಿಗೆ ಮಾತ್ರ ಇದು ಸಾಲದು. ನನ್ನ ದೃಷ್ಟಿಯಲ್ಲಿ ಪೀಣ್ಯಕ್ಕೂ ಎಲೆಕ್ಟ್ರಾನಿಕ್ ಸಿಟಿಗೂ ತುರ್ತಾಗಿ ಬೇಕಾದದ್ದು ಇನ್ನೊಂದು ದೊಡ್ಡ ಆಸ್ಪತ್ರೆಯಲ್ಲ, ಆಸ್ಪತ್ರೆಗೂ ಕೋಣೆಗೂ ನಡುವೆ ಒಂದು ತಂಗುಮನೆ. ನೆಲಮಹಡಿಯಲ್ಲಿ ಹತ್ತಿಪ್ಪತ್ತು ಮಂಚ, ಮೆಟ್ಟಿಲಿಲ್ಲದ ಇಳಿಜಾರು ಬಾಗಿಲು, ಕುರ್ಚಿಯಂತೆ ಕೂರುವ ಶೌಚಾಲಯ, ಪಾಳಿಯ ಮೇಲೆ ದಾದಿಯರು, ವಾರಕ್ಕೆರಡು ಸಲ ಬರುವ ವ್ಯಾಯಾಮ ಚಿಕಿತ್ಸಕ, ಒಂದು ಅಡಿಗೆಮನೆ. ಕಾರ್ಖಾನೆಗಳ ಸಂಘಗಳೂ ಕಾರ್ಮಿಕ ಸಂಘಗಳೂ ಒಟ್ಟಿಗೆ ಕುಳಿತರೆ ಜಾಗ ಹುಡುಕುವುದು ಅಸಾಧ್ಯವೇನಲ್ಲ.