ಗುಜರಿಗೆ ಹಾಕುವ ಮುನ್ನ



ಅಂಚೆಚೀಟಿ, ನಾಣ್ಯ, ಬೆಂಕಿಪೊಟ್ಟಣದ ಚಿತ್ರ ಕೂಡಿಸಿಡುವ ಹವ್ಯಾಸ ನಿಮಗೆ ಹೊಸದಲ್ಲ. ಹಳೆಯ ಕಾರು, ರೇಡಿಯೊ, ಗ್ರಾಮಫೋನು ಸಂಗ್ರಹಿಸುವವರನ್ನೂ ನೀವು ಟಿ.ವಿ.ಯಲ್ಲಿ ನೋಡಿರುತ್ತೀರಿ. ಆದರೆ ಹಳೆಯ ವಾಷಿಂಗ್ ಮೆಷಿನ್ನುಗಳನ್ನು, ಬಟ್ಟೆ ಒಣಗಿಸುವ ಡ್ರೈಯರುಗಳನ್ನು ಹುಡುಕಿ ತಂದು, ಬಿಚ್ಚಿ, ತುಕ್ಕು ತೆಗೆದು, ಮತ್ತೆ ತಿರುಗುವಂತೆ ಮಾಡುವವರೂ ಇದ್ದಾರೆ ಎಂದರೆ ನಿಮಗೆ ನಗು ಬರಬಹುದು. ನಗುವ ಮುನ್ನ ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಮನೆಯಲ್ಲಿ ಅರಿವೆ ಒಗೆಯುವವರು ಯಾರು? ವಾರಕ್ಕೆ ಎಷ್ಟು ತಾಸು ಆ ಕೆಲಸಕ್ಕೆ ಹೋಗುತ್ತದೆ? ಉತ್ತರ ನಿಮಗೆ ತಟ್ಟನೆ ಹೊಳೆಯದಿದ್ದರೆ, ಈ ಮಾತು ನಿಮಗಾಗಿಯೇ.

ಕೊಪ್ಪಳ ಜಿಲ್ಲೆಯ ಕನಕಗಿರಿ ತಾಲೂಕಿನ ಹುಲಿಹೈದರವನ್ನೋ ಅದರ ಸುತ್ತಲಿನ ಯಾವುದಾದರೊಂದು ಊರನ್ನೋ ಕಣ್ಮುಂದೆ ತಂದುಕೊಳ್ಳಿ. ಬಯಲುಸೀಮೆ, ನೀರೆಂದರೆ ಹೆಚ್ಚಾಗಿ ಬೋರ್‌ವೆಲ್ಲಿನದು. ಮೊದಲು ನೀರು ಹೊತ್ತು ತರಬೇಕು. ಆಮೇಲೆ ನೆನೆಸಬೇಕು, ಸೋಪು ತಿಕ್ಕಬೇಕು, ಕಲ್ಲಿಗೆ ಬಡಿಯಬೇಕು, ಜಾಲಿಸಬೇಕು, ಹಿಂಡಬೇಕು, ಹರವಬೇಕು. ಹಬ್ಬದ ಮುಂಚೆ ಕೌದಿಗಳನ್ನು ಒಗೆಯುವ ದಿನವಂತೂ ಹೇಳುವುದೇ ಬೇಡ. ನೀರು ಕುಡಿದ ಕೌದಿಯನ್ನು ಇಬ್ಬರು ಎರಡು ತುದಿ ಹಿಡಿದು ತಿರುಚಿದರೂ ಅದು ಪೂರ್ತಿ ಹಿಂಡಿಬರುವುದಿಲ್ಲ. ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಕಾಲಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಅದೇ ಕೆಲಸದಲ್ಲಿ ತೊಡಗಿದ ಗಂಡಸರು ಕೊಡುತ್ತಿದ್ದುದು 97 ನಿಮಿಷ. ಆ 299 ನಿಮಿಷಗಳಲ್ಲಿ ಬಟ್ಟೆ ಒಗೆಯುವ ಪಾಲೂ ಸೇರಿದೆ.

ಒಗೆಯುವುದೂ ಒಂದು ವಿದ್ಯೆ ಎಂಬುದನ್ನು ನಮ್ಮ ನಾಡು ಮರೆತಿಲ್ಲ. ಬಸವಣ್ಣನವರ ಸಮಕಾಲೀನರಾದ ಮಡಿವಾಳ ಮಾಚಿದೇವರು ಬಟ್ಟೆ ಮಡಿ ಮಾಡುವುದನ್ನೇ ಕಾಯಕವಾಗಿ ಕೈಗೊಂಡವರು. ಫೆಬ್ರವರಿ 1ರಂದು ಅವರ ಜಯಂತಿಯನ್ನು ನಾವು ಆಚರಿಸುತ್ತೇವೆ. ಮಡಿವಾಳರು ಸವಳು ಮಣ್ಣಿನ ನೀರಿನಲ್ಲಿ ಬಟ್ಟೆ ಅದ್ದಿ, ಉಬ್ಬೆಗೆ ಹಾಕಿ ಹಬೆಯಲ್ಲಿ ಬೇಯಿಸುತ್ತಿದ್ದರು. ಸವಳು ಮಣ್ಣಿನಲ್ಲಿ ಸೋಡಿಯಂ ಕಾರ್ಬೊನೇಟಿನಂಥ ಕ್ಷಾರಗಳಿರುತ್ತವೆ. ಕ್ಷಾರವೂ ಬಿಸಿಯೂ ಸೇರಿ ಜಿಡ್ಡನ್ನು ಸಡಿಲಿಸುತ್ತವೆ. ಕಲ್ಲಿನ ಬಡಿತ ಅದನ್ನು ನೂಲಿನಿಂದ ಬಿಡಿಸುತ್ತದೆ. ನೀರು ಕೊಚ್ಚಿಕೊಂಡು ಹೋಗುತ್ತದೆ. ಕೊಳೆ ತೆಗೆಯಲು ಬೇಕಾದ ನಾಲ್ಕು ಅಂಶಗಳಾದ ರಾಸಾಯನಿಕ, ಶಾಖ, ಚಲನೆ ಮತ್ತು ಸಮಯ, ನಾಲ್ಕೂ ಅಲ್ಲಿದ್ದವು. ಮುಂದೆ ಬಂದ ಯಂತ್ರ ಮಾಡಿದ್ದು ಇಷ್ಟೇ: ಈ ನಾಲ್ಕರಲ್ಲಿ ಚಲನೆಯ ಭಾರವನ್ನು ಮನುಷ್ಯರ ರಟ್ಟೆಯಿಂದ ಇಳಿಸಿ ಮೋಟಾರಿನ ಮೇಲೆ ಹೊರಿಸಿತು.

ಆ ಭಾರ ಒಂದೇ ದಿನದಲ್ಲಿ ಇಳಿಯಲಿಲ್ಲ. ಅಮೆರಿಕದ ಹ್ಯಾಮಿಲ್ಟನ್ ಸ್ಮಿತ್ 1858ರಲ್ಲಿ ಪೇಟೆಂಟ್ ಪಡೆದ ಯಂತ್ರದಲ್ಲಿ ಪೀಪಾಯಿಯನ್ನು ಕೈಯಿಂದಲೇ ತಿರುಗಿಸಬೇಕಿತ್ತು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ವಿದ್ಯುತ್ ಮೋಟಾರು ಕೂಡಿಕೊಂಡಿತು. ಆದರೆ ಒದ್ದೆ ಬಟ್ಟೆಯನ್ನು ಕಬ್ಬಿನ ಗಾಣದಂಥ ಎರಡು ಉರುಳೆಗಳ ನಡುವೆ ಕೈಯಿಂದ ತೂರಿಸಿ ಹಿಂಡಬೇಕಿತ್ತು. ಬೆರಳು ಸಿಕ್ಕಿಕೊಳ್ಳುವ ಅಪಾಯ ಇದ್ದೇ ಇತ್ತು. 1937ರಲ್ಲಿ ಬೆಂಡಿಕ್ಸ್ ಕಂಪನಿಯ ಸ್ವಯಂಚಾಲಿತ ಯಂತ್ರ ಹೊರಬಂತು. ಒಗೆಯುವುದು, ಜಾಲಿಸುವುದು, ಹಿಂಡುವುದು ಎಲ್ಲವೂ ಒಂದೇ ಪೀಪಾಯಿಯಲ್ಲಿ. ಆದರೆ ಅದರ ಅದುರಾಟ ಎಷ್ಟಿತ್ತೆಂದರೆ ಯಂತ್ರವನ್ನು ನೆಲಕ್ಕೆ ಬೋಲ್ಟು ಹಾಕಿ ಬಿಗಿಯಬೇಕಿತ್ತು.

ನಮ್ಮ ದೇಶದ ಮಧ್ಯಮ ವರ್ಗದ ಮನೆಗಳಿಗೆ ಈ ಯಂತ್ರ ಕಾಲಿಟ್ಟದ್ದು 1980ರ ದಶಕದ ಕೊನೆಯಲ್ಲಿ ಮತ್ತು 1990ರ ದಶಕದಲ್ಲಿ. ವೀಡಿಯೊಕಾನ್, ಐಎಫ್‌ಬಿ, ಬೆಂಗಳೂರಿನಲ್ಲಿ ಪ್ರಧಾನ ಕಚೇರಿ ಹೊಂದಿದ್ದ ಬಿಪಿಎಲ್ ಮೊದಲಾದ ಹೆಸರುಗಳು ಆಗ ಮನೆಮಾತಾದವು. ಹೆಚ್ಚು ಮನೆಗಳಿಗೆ ಬಂದದ್ದು ಎರಡು ತೊಟ್ಟಿಯ ಅರೆ ಸ್ವಯಂಚಾಲಿತ ಮಾದರಿ. ಅದಕ್ಕೆ ಕಾರಣವಿದೆ. ಅದಕ್ಕೆ ಸದಾ ಹರಿಯುವ ನಲ್ಲಿ ನೀರು ಬೇಕಿಲ್ಲ, ಬಕೆಟ್ಟಿನಿಂದ ಸುರಿದರೆ ಸಾಕು. ನಡುವೆ ಕರೆಂಟು ಹೋದರೆ ಬಂದ ಮೇಲೆ ಮುಂದುವರಿಸಬಹುದು. ಒಂದು ಸಲದ ಸೋಪಿನ ನೀರನ್ನು ಎರಡನೆಯ ಸರದಿಗೂ ಬಳಸಬಹುದು. ನೀರು, ಕರೆಂಟು ಎರಡೂ ಎಣಿಕೆಯಲ್ಲಿ ಸಿಗುವ ಊರುಗಳಿಗೆ ತಕ್ಕ ಯಂತ್ರ ಅದು.

ಈಗ ಆ ಯಂತ್ರದ ಹಿಂಬದಿಯ ಮುಚ್ಚಳ ತೆಗೆದು ಒಳಗೆ ನೋಡೋಣ. ಒಗೆಯುವ ತೊಟ್ಟಿಯ ತಳದಲ್ಲಿ ತಟ್ಟೆಯಂಥ ಪಲ್ಸೇಟರ್ ಇದೆ. ಅದನ್ನು ರಬ್ಬರ್ ಬೆಲ್ಟಿನ ಮೂಲಕ ಒಂದು ಮೋಟಾರು ತಿರುಗಿಸುತ್ತದೆ. ಪಲ್ಸೇಟರ್ ಕೆಲವು ಸೆಕೆಂಡು ಬಲಕ್ಕೆ, ಕೆಲವು ಸೆಕೆಂಡು ಎಡಕ್ಕೆ ತಿರುಗುತ್ತದೆ. ಒಂದೇ ಕಡೆ ತಿರುಗಿದರೆ ಬಟ್ಟೆ ಹಗ್ಗದಂತೆ ಹೊಸೆದುಕೊಳ್ಳುತ್ತದೆ. ದಿಕ್ಕು ಬದಲಾಗುವುದು ಹೇಗೆ? ಮೋಟಾರಿನಲ್ಲಿ ಒಂದೇ ಬಗೆಯ ಎರಡು ಸುರುಳಿಗಳಿವೆ, ಅವುಗಳ ನಡುವೆ ಒಂದು ಕೆಪಾಸಿಟರ್. ವಿದ್ಯುತ್ತು ಒಂದು ಸುರುಳಿಗೆ ನೇರವಾಗಿ, ಇನ್ನೊಂದಕ್ಕೆ ಕೆಪಾಸಿಟರ್ ಮೂಲಕ ಹೋದಾಗ ಎರಡರ ಪ್ರವಾಹಗಳ ನಡುವೆ ಹಂತದ ವ್ಯತ್ಯಾಸ ಉಂಟಾಗಿ ಕಾಂತಕ್ಷೇತ್ರ ಸುತ್ತತೊಡಗುತ್ತದೆ. ಸುರುಳಿಗಳ ಪಾತ್ರ ಅದಲುಬದಲಾದರೆ ಸುತ್ತುವ ದಿಕ್ಕೂ ತಿರುವುಮುರುವಾಗುತ್ತದೆ. ಈ ಅದಲುಬದಲು ಮಾಡುವುದು ಟೈಮರಿನೊಳಗಿನ ಹಲ್ಲುಚಕ್ರ ಮತ್ತು ಕ್ಯಾಮುಗಳು. ಅದನ್ನು ನಡೆಸುವುದು ಗಡಿಯಾರದಂತೆ ಕೀಲಿ ಕೊಟ್ಟ ಒಂದು ಸ್ಪ್ರಿಂಗು. ಒಂದು ಚಿಪ್ಪೂ ಇಲ್ಲದೆ ನಡೆಯುವ ಈ ಏರ್ಪಾಡನ್ನು ಕಣ್ಣಾರೆ ನೋಡಬಹುದು, ಕೈಯಾರೆ ಬಿಚ್ಚಬಹುದು. ಹಳೆಯ ಯಂತ್ರದ ಆಕರ್ಷಣೆಗೆ ಇದೂ ಒಂದು ಕಾರಣ.

ಪಕ್ಕದ ಚಿಕ್ಕ ತೊಟ್ಟಿಯನ್ನು ನಾವು ಡ್ರೈಯರ್ ಎಂದು ಕರೆಯುತ್ತೇವೆ. ನಿಜವಾಗಿ ಅದು ಹಿಂಡುವ ಯಂತ್ರ. 12 ಸೆಂಟಿಮೀಟರ್ ತ್ರಿಜ್ಯದ ಬುಟ್ಟಿ ನಿಮಿಷಕ್ಕೆ 1,300 ಸುತ್ತು ತಿರುಗುತ್ತದೆ ಎಂದಿಟ್ಟುಕೊಳ್ಳಿ. ನಿಮ್ಮ ಭೌತಶಾಸ್ತ್ರದ ಪುಸ್ತಕದ ಸೂತ್ರ ಹಾಕಿ ನೋಡಿದರೆ, ಅದರ ಅಂಚಿನಲ್ಲಿ ಬೇಕಾಗುವ ಕೇಂದ್ರಾಭಿಮುಖ ವೇಗೋತ್ಕರ್ಷ ಗುರುತ್ವದ ಸುಮಾರು 225 ಪಟ್ಟು. ಬುಟ್ಟಿಯ ಗೋಡೆ ಬಟ್ಟೆಯನ್ನು ತಡೆದು ಹಿಡಿಯುತ್ತದೆ. ನೀರನ್ನು ತಡೆಯಲು ತೂತುಗಳಿಗೆ ಆಗದು, ಅದು ಚಿಮ್ಮಿ ಹೊರಗೆ ಹೋಗುತ್ತದೆ. ಇಬ್ಬರು ಸೇರಿ ತಿರುಚಿದರೂ ಇಷ್ಟು ಚೆನ್ನಾಗಿ ಹಿಂಡಲಾಗದು.

ನಿಜವಾದ ಡ್ರೈಯರ್ ಬೇರೆಯೇ ಇದೆ. 1800ರಲ್ಲಿ ಫ್ರಾನ್ಸಿನ ಪೊಷೋನ್ ಎಂಬಾತ ತೂತುಗಳಿದ್ದ ಪೀಪಾಯಿಯಲ್ಲಿ ಒದ್ದೆ ಬಟ್ಟೆ ತುಂಬಿ ಬೆಂಕಿಯ ಮೇಲೆ ಕೈಯಿಂದ ತಿರುಗಿಸುವ ಸಾಧನ ಮಾಡಿದ. ಬಟ್ಟೆಗೆ ಹೊಗೆ ವಾಸನೆ ಹಿಡಿಯುತ್ತಿತ್ತು. ಅಮೆರಿಕದ ನಾರ್ತ್ ಡಕೋಟದ ಜೆ. ರಾಸ್ ಮೂರ್, ಹಿಮಗಾಳಿಯಲ್ಲಿ ಬಟ್ಟೆ ಹರವುವ ತಾಯಿಯ ಪಾಡು ನೋಡಲಾರದೆ ಬಿಸಿ ಪೀಪಾಯಿಯೊಂದನ್ನು ಕಟ್ಟಿದ. ಅದು ಸುಧಾರಿಸಿ 1938ರಲ್ಲಿ ಮಾರುಕಟ್ಟೆಗೆ ಬಂತು. ನಮ್ಮಲ್ಲಿ ಅಂಥದು ಅಪರೂಪ, ಅದು ಸಹಜವೂ ಹೌದು. ಒಂದು ಲೀಟರ್ ನೀರನ್ನು ಆವಿ ಮಾಡಲು ಕಡಿಮೆಯೆಂದರೂ ಯೂನಿಟ್ಟಿನ ಮೂರರಲ್ಲಿ ಎರಡು ಪಾಲು ಶಕ್ತಿ ಬೇಕು. 150 ವ್ಯಾಟಿನ ಹಿಂಡುವ ಮೋಟಾರು ಐದು ನಿಮಿಷ ತಿರುಗಿದರೆ ಖರ್ಚಾಗುವುದು ಯೂನಿಟ್ಟಿನ ಎಂಬತ್ತರಲ್ಲಿ ಒಂದು ಪಾಲು. ಉಳಿದ ತೇವವನ್ನು ಕೊಪ್ಪಳದ ಬಿಸಿಲು ಬಿಟ್ಟಿಯಾಗಿ ಆರಿಸಿಕೊಡುತ್ತದೆ.

ಇಂಥ ಯಂತ್ರಗಳನ್ನು ಏಕೆ ಉಳಿಸಬೇಕು? ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದಲ್ಲಿ ನೀವು ದೊಡ್ಡ ದೊಡ್ಡ ಎಂಜಿನ್ನುಗಳನ್ನು ನೋಡಬಹುದು. ಧರ್ಮಸ್ಥಳದಲ್ಲಿ ಹಳೆಯ ಕಾರುಗಳನ್ನೂ ಕ್ಯಾಮೆರಾಗಳನ್ನೂ ಕಾಣಬಹುದು. ಹಿತ್ತಲಿನಲ್ಲಿ ದುಡಿದ ಯಂತ್ರಕ್ಕೆ ಅಂಥ ಗೌರವ ಸಿಗುವುದು ಕಡಿಮೆ. ಅಮೆರಿಕದ ಕೊಲೊರಾಡೊ ರಾಜ್ಯದ ಈಟನ್ ಎಂಬ ಊರಿನಲ್ಲಿ ನಿವೃತ್ತ ಎಂಜಿನಿಯರಿಂಗ್ ಪ್ರಾಧ್ಯಾಪಕ ಲೀ ಮ್ಯಾಕ್ಸ್‌ವೆಲ್ 1985ರಿಂದ ತೊಡಗಿ ಸಾವಿರಕ್ಕೂ ಹೆಚ್ಚು ಹಳೆಯ ಒಗೆಯುವ ಯಂತ್ರಗಳನ್ನು ಕೂಡಿಹಾಕಿ ಒಂದು ಸಂಗ್ರಹಾಲಯವನ್ನೇ ಮಾಡಿದರು. ಅವುಗಳಲ್ಲಿ ಎಷ್ಟೋ ಯಂತ್ರಗಳನ್ನು ಬಿಚ್ಚಿ, ಸರಿಪಡಿಸಿ, ನಡೆಯುವಂತೆ ಮಾಡಿದರು.

ಸ್ವೀಡನ್ನಿನ ವೈದ್ಯ ಹ್ಯಾನ್ಸ್ ರೋಸ್ಲಿಂಗ್ 2010ರ ಒಂದು ಭಾಷಣದಲ್ಲಿ ತಮ್ಮ ಬಾಲ್ಯದ ನೆನಪು ಹೇಳಿದ್ದರು. ಮನೆಗೆ ಮೊದಲ ಯಂತ್ರ ಬಂದ ದಿನ ಅಜ್ಜಿ ಅದರ ಮುಂದೆ ಕುಳಿತು ಒಗೆತ ಮುಗಿಯುವವರೆಗೆ ನೋಡಿದರಂತೆ. ಉಳಿದ ಹೊತ್ತಿನಲ್ಲಿ ತಾಯಿ ಮಗನನ್ನು ಗ್ರಂಥಾಲಯಕ್ಕೆ ಕರೆದೊಯ್ದರಂತೆ. ಇದಕ್ಕೆ ಇನ್ನೊಂದು ಮುಖವೂ ಇದೆ. ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಸ್ ಕೋವನ್ 1983ರ ತಮ್ಮ ಗ್ರಂಥದಲ್ಲಿ, ಯಂತ್ರ ಬಂದ ಮೇಲೆ ಮೈಮುರಿಯುವ ಶ್ರಮ ತಗ್ಗಿತು, ಆದರೆ ಗೃಹಿಣಿಯ ಕೆಲಸದ ಹೊತ್ತು ಅಷ್ಟಾಗಿ ತಗ್ಗಲಿಲ್ಲ ಎಂದು ತೋರಿಸಿದರು. ಬಟ್ಟೆ ಹೆಚ್ಚು ಸಲ ಒಗೆಯತೊಡಗಿದರು. ಮೊದಲು ಹೊರಗೆ ಕೊಡುತ್ತಿದ್ದ ಬಟ್ಟೆಯೂ ಮನೆಯಾಕೆಯ ಪಾಲಿಗೇ ಬಂತು. ಹಾಗಾದರೆ ನಮ್ಮ ಊರಿನಲ್ಲಿ ಏನಾಯಿತು? ಯಂತ್ರ ಬಂದ ಮನೆಯ ತಾಯಂದಿರಿಗೆ ಹೊತ್ತು ಉಳಿಯಿತೇ? ಉಳಿದ ಹೊತ್ತು ಎಲ್ಲಿ ಹೋಯಿತು? ಊರಿನ ಮಡಿವಾಳರ ದುಡಿಮೆಗೆ ಏನಾಯಿತು? ಇದಕ್ಕೆ ಉತ್ತರ ಹೇಳಬಲ್ಲವರು ಇಂದೂ ನಮ್ಮ ನಡುವೆ ಇದ್ದಾರೆ. ಆದರೆ ಯಂತ್ರವನ್ನು ತೂಕಕ್ಕೆ ಹಾಕಿದ ದಿನ ಪ್ರಶ್ನೆ ಕೇಳುವ ನೆಪವೂ ಅದರ ಜೊತೆಗೇ ಹೋಗುತ್ತದೆ.

ಇನ್ನು ಕೆಲಸದ ಮಾತು. ಕನ್ನಡದಲ್ಲಿ ಜೀರ್ಣೋದ್ಧಾರ ಎಂಬ ಒಳ್ಳೆಯ ಪದವಿದೆ. ಹಳೆಯ ಗುಡಿಯ ಕಲ್ಲುಕಂಬಕ್ಕೆ ಆಯಿಲ್ ಪೇಂಟು ಬಳಿದರೆ ಅದು ಜೀರ್ಣೋದ್ಧಾರವಾಗದು ಎಂಬುದು ನಿಮಗೆ ಗೊತ್ತು. ಯಂತ್ರಕ್ಕೂ ಅದೇ ನಿಯಮ. ಮೊದಲು ಎಲ್ಲ ಮಗ್ಗುಲಿನಿಂದ ಫೋಟೊ ತೆಗೆಯಿರಿ. ಪ್ರತಿ ತಂತಿಯ ಬಣ್ಣ ಮತ್ತು ಜಾಗ ಬರೆದುಕೊಳ್ಳಿ. ಬಿಚ್ಚಿದ ಸ್ಕ್ರೂಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಚೀಟಿ ಅಂಟಿಸಿ ಇಡಿ. ಕೆಟ್ಟ ಭಾಗವನ್ನು ಬದಲಾಯಿಸಿದರೂ ಮೂಲ ಭಾಗವನ್ನು ಎಸೆಯಬೇಡಿ. ಸ್ವಿಚ್ಚಿನ ಅಕ್ಷರಗಳು ಯಾವ ಬೆರಳಿನಿಂದ ಸವೆದಿವೆಯೋ ಆ ಸವೆತವೂ ಇತಿಹಾಸವೇ. ಅದನ್ನು ತಿಕ್ಕಿ ಅಳಿಸಬೇಡಿ.

ರೋಗಲಕ್ಷಣಗಳು ಬಹುಮಟ್ಟಿಗೆ ಗೊತ್ತಿರುವಂಥವೇ. ಮೋಟಾರು ಗುಂಯ್ ಎಂದು ಸದ್ದು ಮಾಡಿಯೂ ತಿರುಗದಿದ್ದರೆ ಮೊದಲ ಅನುಮಾನ ಕೆಪಾಸಿಟರ್ ಮೇಲೆ. ಮೋಟಾರು ತಿರುಗಿಯೂ ಪಲ್ಸೇಟರ್ ನಿಂತಿದ್ದರೆ ಬೆಲ್ಟು. ಹಿಂಡುವ ತೊಟ್ಟಿಯ ಕೆಳಗೆ ನೀರು ಸೋರುತ್ತಿದ್ದರೆ ರಬ್ಬರ್ ಸೀಲು. ಅದನ್ನು ಹಾಗೇ ಬಿಟ್ಟರೆ ನೀರು ಕೆಳಗಿನ ಮೋಟಾರಿಗೆ ಇಳಿದು ಬೇರಿಂಗು ತುಕ್ಕು ಹಿಡಿಯುತ್ತದೆ. ಕಬ್ಬಿಣದ ತಳ ತುಕ್ಕಾಗಿದ್ದರೆ ತಂತಿ ಬ್ರಶ್ಶಿನಿಂದ ಉಜ್ಜಿ ರೆಡ್ ಆಕ್ಸೈಡ್ ಬಳಿಯಬೇಕು. ನಮ್ಮ ಕಡೆಯ ಬೋರ್‌ವೆಲ್ ನೀರು ಬಹಳ ಕಡೆ ಗಡಸು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸೋಪಿನೊಂದಿಗೆ ಸೇರಿ ಬೂದು ಗಷ್ಟಾಗಿ ಪಲ್ಸೇಟರಿನ ಅಡಿ ಕೂರುತ್ತವೆ. ನೀರಿನಿಂದಲೇ ಬಿಳಿ ಉಪ್ಪಿನ ಪೊರೆಯೂ ಕಟ್ಟುತ್ತದೆ. ಈ ಪೊರೆಯನ್ನು ಕೆರೆಯುವ ಬದಲು ತೆಳು ಸಿಟ್ರಿಕ್ ಆಮ್ಲದಲ್ಲಿ ನೆನೆಸಿದರೆ ಅದು ಗುಳ್ಳೆ ಬಿಡುತ್ತ ಕರಗುತ್ತದೆ. ಆ ಗುಳ್ಳೆ ಯಾವ ಅನಿಲ ಎಂಬುದನ್ನು ನಿಮ್ಮ ರಸಾಯನಶಾಸ್ತ್ರದ ಮೇಷ್ಟ್ರಿಗೆ ನೀವೇ ಹೇಳಿ.

ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬೇಡಿ. ನೀರು ಮತ್ತು ವಿದ್ಯುತ್ತು ಒಂದೇ ಪೆಟ್ಟಿಗೆಯಲ್ಲಿರುವ ಯಂತ್ರ ಇದು. ಪ್ಲಗ್ಗು ಕಿತ್ತಿಟ್ಟ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ತು ಉಳಿದಿರಬಹುದು. ಬಲ್ಲವರು ಪಕ್ಕದಲ್ಲಿ ಇಲ್ಲದೆ ಮುಚ್ಚಳ ತೆಗೆಯಬೇಡಿ. ಅರ್ತಿಂಗ್ ಪರೀಕ್ಷಿಸದೆ ನಡೆಸಬೇಡಿ. ತಿರುಗುವ ಬುಟ್ಟಿಗೆ ಕೈ ಹಾಕಬೇಡಿ. ಮುಚ್ಚಳ ತೆರೆದೊಡನೆ ಬ್ರೇಕು ಹಿಡಿಯುತ್ತದೆಯೇ ಎಂಬುದೇ ಮೊದಲ ಪರೀಕ್ಷೆಯಾಗಲಿ. ಬಲ್ಲವರನ್ನು ದೂರ ಹುಡುಕಬೇಕಿಲ್ಲ. ಪಂಪ್‌ಸೆಟ್ಟುಗಳೂ ಅಕ್ಕಿ ಗಿರಣಿಗಳೂ ಇರುವ ಗಂಗಾವತಿಯ ಕಡೆ ಮೋಟಾರು ವೈಂಡಿಂಗ್ ಮಾಡುವ ಕುಶಲ ಕೈಗಳಿಗೆ ಬರವಿಲ್ಲ. ಒಂದು ರಜಾದಿನ ಅಂಥ ಅಂಗಡಿಯಲ್ಲಿ ಕುಳಿತು ನೋಡಿ. ಪ್ರಯೋಗಾಲಯದಲ್ಲಿ ಸಿಗದ ಪಾಠ ಸಿಗುತ್ತದೆ.

ಎಲ್ಲ ಯಂತ್ರಗಳನ್ನೂ ಉಳಿಸಲಾಗದು, ಉಳಿಸಬೇಕಾಗಿಯೂ ಇಲ್ಲ. ಸರಿಹೋಗದ ಯಂತ್ರ ಇ-ತ್ಯಾಜ್ಯ. 2022ರ ನಿಯಮಗಳ ಪ್ರಕಾರ ಅದು ನೋಂದಾಯಿತ ಮರುಬಳಕೆದಾರರಿಗೆ ಸೇರಬೇಕು. ಆದರೆ ಊರಿಗೆ ಒಂದಾದರೂ ಉಳಿಯಲಿ. ನಿಮ್ಮ ಶಾಲೆಯ ವಿಜ್ಞಾನ ಸಂಘ ಒಂದು ಹಳೆಯ ಯಂತ್ರವನ್ನು ಕೇಳಿ ಪಡೆಯಲಿ. ಅದರ ಜೊತೆ ಒಂದು ವಹಿ ಇಡಿ. ಯಾವ ವರ್ಷ ಕೊಂಡದ್ದು, ಎಷ್ಟು ಕೊಟ್ಟದ್ದು, ಮೊದಲ ದಿನ ಯಾರ ಬಟ್ಟೆ ಹಾಕಿದ್ದು, ಅದಕ್ಕೆ ಮುಂಚೆ ಎಲ್ಲಿ ಒಗೆಯುತ್ತಿದ್ದರು ಎಂಬುದನ್ನೆಲ್ಲ ಮನೆಯ ಹಿರಿಯ ಹೆಂಗಸರಿಂದ ಕೇಳಿ, ಅವರ ಮಾತಿನಲ್ಲೇ ಬರೆದುಕೊಳ್ಳಿ. ಮೊಬೈಲಿನಲ್ಲಿ ಅವರ ದನಿಯನ್ನೂ ಯಂತ್ರದ ಸದ್ದನ್ನೂ ಹಿಡಿದಿಡಿ. ಚಿತ್ರ ಮತ್ತು ದನಿಯ ಕಸುಬಿನಲ್ಲಿರುವ ನಾನು ಇಷ್ಟು ಹೇಳಬಲ್ಲೆ: ಹಿಡಿದಿಡದ ದನಿ ಮತ್ತೆ ಸಿಗುವುದಿಲ್ಲ.

ಬಿಚ್ಚಿ ನೋಡಿದವರು ಕಟ್ಟುವುದನ್ನೂ ಕಲಿಯುತ್ತಾರೆ. ಕೇರಳದ ಮಲಪ್ಪುರಂ ಜಿಲ್ಲೆಯ ರೆಮ್ಯಾ ಜೋಸ್ ಶಾಲಾ ಬಾಲಕಿಯಾಗಿದ್ದಾಗ, ತಾಯಿ ಕಾಯಿಲೆ ಬಿದ್ದು ಒಗೆಯುವ ಕೆಲಸ ತನ್ನ ಮೇಲೆ ಬಂದಾಗ, ಸೈಕಲ್ ಪೆಡಲು ತುಳಿದು ನಡೆಸುವ ಒಗೆಯುವ ಯಂತ್ರವೊಂದನ್ನು ರೂಪಿಸಿದಳು. ಕರೆಂಟು ಬೇಡದ ಆ ಯಂತ್ರವನ್ನು ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನ 2005ರಲ್ಲಿ ಗೌರವಿಸಿತು. ಆಕೆಗೆ ದಾರಿ ತೋರಿದ್ದು ಮನೆಯೊಳಗಿನ ಶ್ರಮವನ್ನು ಕಣ್ಣಿಟ್ಟು ನೋಡಿದ ಬುದ್ಧಿ.

ನಿಮಗೂ ನನ್ನ ಕೋರಿಕೆ ಅದೇ. ಈ ವಾರ ಒಂದು ಸಲ ಮನೆಯ ಅರಿವೆಗಳನ್ನೆಲ್ಲ ನೀವೇ ಒಗೆಯಿರಿ, ಕಲ್ಲಿನ ಮೇಲಾಗಲಿ, ಯಂತ್ರದಲ್ಲಾಗಲಿ. ಹುಡುಗರಿಗೂ ಈ ಮಾತು ಸೇರಿದೆ. ಎಷ್ಟು ಹೊತ್ತು ಹಿಡಿಯಿತು, ಎಷ್ಟು ಬಕೆಟ್ ನೀರು ಬೇಕಾಯಿತು ಎಂದು ಬರೆದಿಡಿ. ನಿಮ್ಮ ವಹಿಯ ಮೊದಲ ಪುಟ ಅದೇ ಆಗಲಿ.